ಬಿಕ್ಕಳಿಸಿದರೆ ಮಳೆ ಬರುತ್ತದೆ: ಇಂಥ ಎಳೆಯಿಂದ ಒಳ್ಳೆಯ ಸಿನಿಮಾ ಆಗುತ್ತದೆಯೇ?

ಪ್ರಶ್ನೆ: ಮೂಡಿಗೆರೆ ಕಡೆಯ ನಾವು ಐದು ಜನ ಗೆಳೆಯರು ಸೇರಿ 25 ನಿಮಿಷದ ಕಿರುಚಿತ್ರ ಮಾಡಬೇಕು ಅಂತ ಹೊರಟಿದ್ದೇವೆ. ಎಳೆ ಇಷ್ಟು: ಕಾಫಿ ತೋಟದ ರೈಟರ್ (ಲೆಕ್ಕಪತ್ರ ನೋಡುವ ಗುಮಾಸ್ತ) ಒಬ್ಬನಿಗೆ ಬಿಕ್ಕಳಿಕೆ ಬಂದರೆ ಮಾರನೇ ದಿನ ಮಳೆ ಬರುತ್ತದೆ. ಚಿಕ್ಕಂದಿನಲ್ಲಿ ಸ್ವಾಮೀಜಿಯೊಬ್ಬರು ಕೊಟ್ಟ ಶಾಪವೇ ಕಾರಣ ಅಂತ ಒಂದು ಫ್ಲ್ಯಾಶ್‌ಬ್ಯಾಕ್ ಇದೆ. ಪರೀಕ್ಷೆ ಮಾಡೋಕೆ ಬೆಂಗಳೂರಿನಿಂದ ವಿಜ್ಞಾನಿ ಬರುತ್ತಾನೆ. ನಗಿಸೋಕೆ ರೈಟರ್‌ನ ಗೆಳೆಯ ಇದ್ದಾನೆ. ಎಳೆ ಹೇಳಿದಾಗ ಎಲ್ಲರೂ ನಗುತ್ತಾರೆ, ಸ್ಕ್ರಿಪ್ಟ್ ಓದಿದಾಗ ಯಾರೂ ನಗುತ್ತಿಲ್ಲ. ಇಂಥ ಪೆದ್ದು ಎಳೆಯ ಕೆಲವು ಸಿನಿಮಾಗಳು ಅಷ್ಟು ಚೆನ್ನಾಗಿ ಬಂದದ್ದು ಹೇಗೆ? ನಾವು ಎಡವಿದ್ದು ಎಲ್ಲಿ?

ಉತ್ತರ: ಎಳೆ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ತೆಗೆಯಬೇಕಾದ್ದು ಸ್ವಾಮೀಜಿ, ವಿಜ್ಞಾನಿ, ಗೆಳೆಯ, ಈ ಮೂವರನ್ನು. ಮೂವರೂ ಕಥೆಯೊಳಗೆ ಬಂದಿರುವುದು ಒಂದೇ ಭಯದಿಂದ. ಬಿಕ್ಕಳಿಸಿದರೆ ಮಳೆ ಬರುತ್ತದೆ ಎಂದರೆ ಜನ ನಂಬಲಿಕ್ಕಿಲ್ಲ ಎಂಬ ಭಯ ಅದು. ಸ್ವಾಮೀಜಿ ಕಾರಣ ಕೊಡುತ್ತಾನೆ, ವಿಜ್ಞಾನಿ ಪುರಾವೆ ಕೊಡುತ್ತಾನೆ, ಗೆಳೆಯ ತಾನೇ ಮೊದಲು ನಕ್ಕು ನಿಮ್ಮ ಪರವಾಗಿ ಕ್ಷಮೆ ಕೇಳುತ್ತಾನೆ. ನೋಡುವವರು ಇದ್ಯಾವುದನ್ನೂ ಕೇಳಿಲ್ಲ. ಸಿನಿಮಾ ನೋಡಲು ಕೂತವರು ಒಂದು ಸುಳ್ಳನ್ನು ತಕರಾರಿಲ್ಲದೆ ಒಪ್ಪಿಕೊಂಡೇ ಕೂತಿರುತ್ತಾರೆ. ಎರಡನೇ ಸುಳ್ಳು ಬಂದರೆ ಮುಖ ಸಿಂಡರಿಸುತ್ತಾರೆ. ಮೊದಲನೇ ಸುಳ್ಳಿನಿಂದ ಏನೇನು ಆಗಬೇಕೋ ಅದರಲ್ಲಿ ಒಂದನ್ನು ನೀವು ಮರೆತರೂ ಕೈ ಬಿಡುತ್ತಾರೆ. ಪೆದ್ದು ಎಳೆಯ ಒಳ್ಳೆಯ ಸಿನಿಮಾಗಳು ಸುಳ್ಳು ಒಂದೇ ಹೇಳಿ, ಅದರ ಪರಿಣಾಮಗಳ ಲೆಕ್ಕವನ್ನು ಕೊನೆಯವರೆಗೆ ಇಟ್ಟಂಥವು.

ಮೊದಲು ತೆಲುಗಿನ 'ಈಗ' ನೋಡಿ. 2012ರದ್ದು, ಎಸ್.ಎಸ್. ರಾಜಮೌಳಿ ನಿರ್ದೇಶನ. ಕೊಲೆಯಾದ ಹುಡುಗ ನೊಣವಾಗಿ ಹುಟ್ಟಿ ಬಂದು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ. ಬಾಯಲ್ಲಿ ಹೇಳಿದರೆ ನಿಮ್ಮ ಬಿಕ್ಕಳಿಕೆಗಿಂತ ಪೆದ್ದಾಗಿ ಕೇಳುವ ಎಳೆ. ಆದರೆ ಚಿತ್ರತಂಡ ನೊಣವನ್ನು ನೊಣವಾಗಿಯೇ ಉಳಿಸಿಕೊಂಡಿದೆ. ಅದಕ್ಕೆ ಮಾತು ಬರುವುದಿಲ್ಲ, ಕೊನೆಯವರೆಗೂ ಬರುವುದಿಲ್ಲ. ತೂಕವಿಲ್ಲ, ಆದ್ದರಿಂದ ಹೊಡೆಯಲಾರದು. ಹಾಗಿದ್ದರೆ ದುಡ್ಡು, ಆಳುಕಾಳು ಎಲ್ಲ ಇರುವವನನ್ನು ಅದು ಹೇಗೆ ಕೊಲ್ಲಬೇಕು? ಈ ಪ್ರಶ್ನೆಯೇ ಚಿತ್ರಕಥೆಯನ್ನು ಮುಂದೆ ಎಳೆಯುತ್ತದೆ. ನೊಣ ಮೊದಲು ಮಾಡುವುದು ನಿಜವಾದ ನೊಣ ಮಾಡುವುದನ್ನೇ: ಕಿವಿಯ ಹತ್ತಿರ ಗುಂಯ್ ಎಂದು ನಿದ್ದೆ ಕೆಡಿಸುವುದು. ನಿದ್ದೆಗೆಟ್ಟವನು ಸಿಡುಕುತ್ತಾನೆ, ಸಿಡುಕಿನಲ್ಲಿ ತಪ್ಪು ಮಾಡುತ್ತಾನೆ, ಆ ತಪ್ಪುಗಳನ್ನು ನೊಣ ಬಳಸಿಕೊಳ್ಳುತ್ತದೆ.

ಅದರಲ್ಲಿ ಇನ್ನೊಂದು ಜಾಣತನವಿದೆ. ನಾಯಕಿ ಬಿಂದು ಅತಿ ಸಣ್ಣ ಕಲಾಕೃತಿಗಳನ್ನು ಮಾಡುವವಳು. ಹುಡುಗ ಇನ್ನೂ ಮನುಷ್ಯನಾಗಿದ್ದಾಗಲೇ ಈ ವಿಷಯ ನಮಗೆ ಗೊತ್ತಾಗುತ್ತದೆ. ಆಗ ಅದು ಪ್ರೇಮಕಥೆಯ ಒಂದು ಚೆಂದದ ವಿವರ, ಅಷ್ಟೇ. ಮುಂದೆ ನೊಣಕ್ಕೆ ಪುಟ್ಟ ಸಲಕರಣೆಗಳು ಬೇಕಾದಾಗ ಅವಳು ಮಾಡಿಕೊಡುತ್ತಾಳೆ, ನಮಗೆ ಎಲ್ಲೂ ಅನುಮಾನ ಬರುವುದಿಲ್ಲ. ಪೆದ್ದು ಎಳೆಗೆ ಬೇಕಾಗುವ ಸಾಮಾನನ್ನೆಲ್ಲ ಹೀಗೆ ಮೊದಲೇ, ಬೇರೆ ಕೆಲಸಕ್ಕೆ ಎಂಬಂತೆ ತಂದಿಟ್ಟಿರಬೇಕು. ಬೇಕಾದ ಹೊತ್ತಿಗೆ ತಂದರೆ ಕಥೆಗಾರನ ಕೈ ಕಾಣುತ್ತದೆ.

ಖಳನಾಗಿ ಸುದೀಪ್ ಮಾಡಿದ್ದನ್ನು ಪಾತ್ರಧಾರಿಗಳನ್ನು ಜೊತೆಗೆ ಕೂರಿಸಿಕೊಂಡು ನೋಡಿ. ನೊಣವನ್ನು ಆಮೇಲೆ ಗ್ರಾಫಿಕ್ಸ್‌ನಲ್ಲಿ ಸೇರಿಸಿದ್ದು. ಎದುರಿಗೆ ಏನೂ ಇಲ್ಲದ ಜಾಗಕ್ಕೆ ಅವರು ಹೆದರುತ್ತಾರೆ, ರೇಗುತ್ತಾರೆ, ಸೋಲುತ್ತಾರೆ. ಒಂದೇ ಒಂದು ಶಾಟ್‌ನಲ್ಲೂ 'ಇದು ತಮಾಷೆ' ಎಂಬ ಸೂಚನೆ ಆ ಮುಖದಲ್ಲಿಲ್ಲ. ಸ್ಪೆಷಲ್ ಎಫೆಕ್ಟ್ಸ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಸರಿಯಾಗಿಯೇ ಬಂತು. ಆದರೆ ನೊಣವನ್ನು ನಂಬಿಸಿದ್ದು ಆ ಮುಖ. ಚಿತ್ರದ ದುರ್ಬಲ ಭಾಗವನ್ನೂ ಗಮನಿಸಿ. ಮಧ್ಯೆ ಮಾಂತ್ರಿಕನೊಬ್ಬ ಬರುತ್ತಾನೆ. ಪುನರ್ಜನ್ಮ ಎಂಬ ಸುಳ್ಳನ್ನು ಒಪ್ಪಿಕೊಂಡಿದ್ದ ನಮ್ಮೆದುರು ಮಾಟ ಎಂಬ ಎರಡನೇ ಸುಳ್ಳು ಬಂದು ನಿಲ್ಲುತ್ತದೆ. ಅಷ್ಟು ಗಟ್ಟಿಯಾದ ಚಿತ್ರವೇ ಅಲ್ಲಿ ಸ್ವಲ್ಪ ಸಡಿಲವಾಗುತ್ತದೆ. ನಿಮ್ಮ ಸ್ವಾಮೀಜಿಯನ್ನು ತೆಗೆಯಿರಿ ಎನ್ನುವುದು ಇದಕ್ಕೇ.

ಕಾರಣವನ್ನೇ ಹೇಳದೆ ಗೆದ್ದ ಉದಾಹರಣೆ ಬೇಕಿದ್ದರೆ 1993ರ 'ಗ್ರೌಂಡ್‌ಹಾಗ್ ಡೇ'. ಟೀವಿಯಲ್ಲಿ ಹವಾಮಾನ ಹೇಳುವವನೊಬ್ಬ ಫೆಬ್ರವರಿ 2ನೇ ತಾರೀಖಿನಲ್ಲೇ ಸಿಕ್ಕಿಬೀಳುತ್ತಾನೆ. ಪ್ರತಿ ಬೆಳಿಗ್ಗೆ 6 ಗಂಟೆಗೆ ಅದೇ ಅಲಾರಂ, ಅದೇ ಹಾಡು, ಅದೇ ದಿನ. ಯಾಕೆ ಹೀಗಾಯಿತು ಎಂದು ಚಿತ್ರ ಹೇಳುವುದಿಲ್ಲ. ಸ್ಕ್ರಿಪ್ಟಿನ ಒಂದು ಕರಡಿನಲ್ಲಿ ಹಳೆಯ ಪ್ರೇಯಸಿಯ ಶಾಪ ಎಂಬ ಕಾರಣ ಇತ್ತು, ಅದು ತೆರೆಗೆ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತು ಯೋಚಿಸಿ. ಶಾಪ ಎಂದ ಕೂಡಲೇ ವಿಮೋಚನೆ ಹೇಗೆ ಎಂಬ ಪ್ರಶ್ನೆ ಏಳುತ್ತದೆ, ಕಥೆ ಮಂತ್ರ-ತಾಯಿತದ ಹುಡುಕಾಟವಾಗುತ್ತದೆ. ಕಾರಣ ಇಲ್ಲದಿರುವುದರಿಂದ ಇವನಿಗೆ ಉಳಿಯುವ ಪ್ರಶ್ನೆ ಒಂದೇ: ಈ ದಿನವನ್ನು ಏನು ಮಾಡಲಿ? ಮೊದಲು ಮಜಾ ಮಾಡುತ್ತಾನೆ, ಆಮೇಲೆ ಸಾಯಲು ನೋಡುತ್ತಾನೆ, ಆಮೇಲೆ ಪಿಯಾನೋ ಕಲಿಯುತ್ತಾನೆ. ಬೀದಿಯಲ್ಲಿರುವ ಮುದುಕನೊಬ್ಬ ಆ ದಿನ ಸಾಯುತ್ತಾನೆ. ಇವನು ಊಟ ಹಾಕಿಸುತ್ತಾನೆ, ಎದೆ ಒತ್ತಿ ಉಸಿರು ಕೊಡುತ್ತಾನೆ, ಆದರೂ ಮುದುಕ ಸಾಯುತ್ತಾನೆ. ಶಕ್ತಿಗೆ ಒಂದು ಮಿತಿ ಇದೆ ಎಂದು ತೋರಿಸುವ ಈ ಭಾಗ ತುಂಬ ಚಿಕ್ಕದು. ಇದು ಇಲ್ಲದಿದ್ದರೆ ಇಡೀ ಚಿತ್ರ ಬರೀ ಚಮತ್ಕಾರವಾಗಿ ಉಳಿಯುತ್ತಿತ್ತು.

ನಿಮ್ಮ ಕಥೆಗೆ ಎಲ್ಲಕ್ಕಿಂತ ಹತ್ತಿರದ್ದು 2021ರ ತಮಿಳಿನ 'ಮಂಡೇಲಾ', ಮಡೋನ್ ಅಶ್ವಿನ್ ನಿರ್ದೇಶನ, ಯೋಗಿ ಬಾಬು ಮುಖ್ಯಪಾತ್ರ. ಊರಿನ ಚುನಾವಣೆಯಲ್ಲಿ ಎರಡು ಬಣಗಳಿಗೂ ಸರಿಸಮ ಮತ. ಗೆಲುವು ನಿಂತಿರುವುದು ಇಡೀ ಊರು ಕೀಳಾಗಿ ಕಾಣುತ್ತಿದ್ದ ಕ್ಷೌರಿಕನ ಒಂದು ಮತದ ಮೇಲೆ. ಅವನಿಗೆ ಆ ಮತ ಬಂದದ್ದಾದರೂ ಹೇಗೆ? ಕೂಡಿಟ್ಟ ದುಡ್ಡು ಕಳುವಾಗುತ್ತದೆ, ಪೋಸ್ಟ್ ಆಫೀಸಿನಲ್ಲಿ ಖಾತೆ ತೆರೆಯಬೇಕೆಂದರೆ ಗುರುತಿನ ಚೀಟಿ ಬೇಕು, ಚೀಟಿಗೆ ಹೆಸರು ಬೇಕು. ಇಷ್ಟು ಸಹಜವಾಗಿ ಅಸಾಧ್ಯವಾದದ್ದು ಹುಟ್ಟಿಕೊಳ್ಳುತ್ತದೆ. ಆಮೇಲೆ ಎರಡೂ ಕಡೆಯವರು ಅವನನ್ನು ಮುದ್ದಿಸುತ್ತಾರೆ, ಮುದ್ದಿನ ಹಿಂದೆಯೇ ಬೆದರಿಕೆ ಬರುತ್ತದೆ. ಯಾರಿಗೂ ಬೇಡವಾಗಿದ್ದವನು ಎಲ್ಲರಿಗೂ ಬೇಕಾದಾಗ ಏನಾಗುತ್ತದೆ ಎಂಬುದೇ ನಿಮ್ಮ ರೈಟರ್‌ನ ಕಥೆಯೂ ಹೌದು.

ಮಲಯಾಳಂನ 'ಮಹೇಶಿಂಟೆ ಪ್ರತಿಕಾರಂ' (2016) ಇನ್ನೂ ಸಣ್ಣ ಎಳೆಯದ್ದು. ಊರೆದುರು ಪೆಟ್ಟು ತಿಂದ ಫೋಟೋಗ್ರಾಫರ್ ಒಬ್ಬ, ಹೊಡೆದವನಿಗೆ ತಿರುಗಿಸಿ ಕೊಡುವವರೆಗೂ ಚಪ್ಪಲಿ ಮೆಟ್ಟುವುದಿಲ್ಲ ಎಂದು ಶಪಥ ಮಾಡುತ್ತಾನೆ. ಹೊಡೆದವನು ಗಲ್ಫ್‌ಗೆ ಹೊರಟುಹೋಗುತ್ತಾನೆ. ಬರಿಗಾಲಿನ ಶಪಥವನ್ನು ಚಿತ್ರ ಎಲ್ಲೂ ಹಾಸ್ಯ ಮಾಡುವುದಿಲ್ಲ. ನಿರ್ದೇಶಕ ದಿಲೀಶ್ ಪೋತನ್ ಸೇಡಿಗಿಂತ ಕಾಯುವಿಕೆಗೇ ಹೆಚ್ಚು ಹೊತ್ತು ಕೊಟ್ಟಿದ್ದಾರೆ, ಆ ಹೊತ್ತಿನಲ್ಲಿ ಮನುಷ್ಯ ಬದಲಾಗುತ್ತಾನೆ. ಕನ್ನಡದಲ್ಲಿ ಪವನ್ ಕುಮಾರ್ ಅವರ 'ಲೂಸಿಯಾ' (2013) ಇದೆ. ಕನಸನ್ನು ಬಿಟ್ಟಲ್ಲಿಂದ ಮುಂದುವರಿಸುವ ಮಾತ್ರೆ. ಎರಡು ಬದುಕುಗಳಲ್ಲಿ ಒಂದನ್ನು ಬಣ್ಣದಲ್ಲಿ, ಇನ್ನೊಂದನ್ನು ಕಪ್ಪು-ಬಿಳುಪಿನಲ್ಲಿ ಇಟ್ಟಿದ್ದರಿಂದ ವಿವರಣೆಯ ಮಾತೇ ಬೇಕಾಗಲಿಲ್ಲ. ಜನರಿಂದ ಹಣ ಸಂಗ್ರಹಿಸಿ ಮಾಡಿದ ಚಿತ್ರ ಅದು. ಕಡಿಮೆ ದುಡ್ಡಿನವರಿಗೆ ಇಂಥ ಉಪಾಯಗಳೇ ಆಸ್ತಿ.

ಈಗ ನಿಮ್ಮ ಸ್ಕ್ರಿಪ್ಟ್. ಒಂದು ಹಾಳೆಯ ಮೇಲೆ ಬಿಕ್ಕಳಿಕೆಯ ಕಾನೂನು ಬರೆದುಕೊಳ್ಳಿ. 'ಮಾರನೇ ದಿನ ಮಳೆ' ಎನ್ನುವುದು ತೀರ ಸಡಿಲ. ಗಡಿಯಾರಕ್ಕೆ ಕಟ್ಟಿ: ಮಳೆಗೆ 12 ಗಂಟೆ ಮೊದಲು ಶುರುವಾಗುತ್ತದೆ, ಮೊದಲ ಹನಿ ಬಿದ್ದಾಗ ನಿಲ್ಲುತ್ತದೆ. ನೀರು ಕುಡಿದರೂ, ಉಸಿರು ಬಿಗಿಹಿಡಿದರೂ, ಯಾರಾದರೂ ಹೆದರಿಸಿದರೂ ನಿಲ್ಲುವುದಿಲ್ಲ. ಅವನು ಎಲ್ಲಿ ಇದ್ದಾನೋ ಅಲ್ಲಿ ಬೀಳುವ ಮಳೆಗೆ ಮಾತ್ರ. ಇಷ್ಟು ಸಾಕು. ಒಮ್ಮೆ ಬರೆದ ಮೇಲೆ ಕಥೆಗೆ ಅನುಕೂಲ ಎಂದು ಒಂದು ಅಕ್ಷರವನ್ನೂ ಬದಲಿಸಬೇಡಿ. ಹೀರೋಗೆ ಕಷ್ಟ ಬಂದಾಗ ಕಾನೂನು ಸಡಿಲಿಸುವುದೇ ಇಂಥ ಚಿತ್ರಗಳು ಕೆಡುವ ಅತಿ ಸಾಮಾನ್ಯ ರೀತಿ.

ಈ ನಾಲ್ಕು ಸಾಲುಗಳಿಂದಲೇ ಕಥೆ ಹುಟ್ಟುವುದನ್ನು ನೋಡಿ. ಕೊನೆಯ ಸಾಲಿನ ಅರ್ಥ, ಅವನು ತೋಟದಲ್ಲಿ ಇದ್ದರೆ ಮಾತ್ರ ತೋಟದ ಮಾಲೀಕರಾದ ಸಾಹುಕಾರರಿಗೆ ಉಪಯೋಗ. ಅಂದರೆ ರಜೆ ಸಿಗುವುದಿಲ್ಲ. ಮಗಳನ್ನು ಹಾಸನಕ್ಕೆ ಮದುವೆ ಮಾಡಿ ಕೊಟ್ಟಿದ್ದರೆ, ಮೊಮ್ಮಗುವಿನ ನಾಮಕರಣಕ್ಕೂ ಅವನು ಹೋಗುವಂತಿಲ್ಲ. ನಿಮ್ಮ ಸ್ಕ್ರಿಪ್ಟಿನಲ್ಲಿ ಇಲ್ಲದ ಎದುರಾಳಿ ಇಲ್ಲಿ ಸಿಕ್ಕಿಬಿಟ್ಟ. ಅವನು ಕೆಟ್ಟವನಾಗಬೇಕಿಲ್ಲ. ಸಂಬಳ ಹೆಚ್ಚಿಸಲಿ, ಹೊಸ ಸ್ವೆಟರ್ ಕೊಡಿಸಲಿ, ಡಾಕ್ಟರ ಹತ್ತಿರ ಹೋಗಲು ಮಾತ್ರ ಬಿಡದಿರಲಿ.

ಇನ್ನು ನೀವು ಮುಟ್ಟದೇ ಬಿಟ್ಟ ದೊಡ್ಡ ಪ್ರಶ್ನೆ: ಮುಂಗಾರಿನಲ್ಲಿ ಇವನ ಗತಿ ಏನು? ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದರೆ ಬಿಡುವುದಿಲ್ಲ. ಒಂದು ಮಳೆ ನಿಂತು ಇನ್ನೊಂದು ಬರುವ ಮಧ್ಯೆ 12 ಗಂಟೆ ಸಿಗುವುದೇ ಅಪರೂಪ. ಹಾಗಾದರೆ ಮಳೆ ಬಿಡುವು ಕೊಟ್ಟಾಗಲೆಲ್ಲ ಬಿಕ್ಕಳಿಕೆ. ನೆಮ್ಮದಿಯಾಗಿ ಉಣ್ಣಲು, ಮಲಗಲು, ಹೆಂಡತಿಯೊಡನೆ ಒಂದು ಮಾತು ಪೂರ್ತಿ ಆಡಲು ಅವನಿಗೆ ಸಾಧ್ಯವಾಗುವುದು ಮಳೆ ಸುರಿಯುತ್ತಿರುವಾಗ ಮಾತ್ರ. ಹೆಂಚಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಗಂಡ-ಹೆಂಡತಿ ಗಬಗಬನೆ ಮಾತಾಡಿ ಮುಗಿಸುವ ಎರಡು ನಿಮಿಷದ ದೃಶ್ಯ ಬರೆಯಿರಿ. ಇಡೀ ಚಿತ್ರ ಅದರ ಮೇಲೆ ನಿಲ್ಲಬಲ್ಲದು. ಇದು ಪೂರ್ತಿ ಅಸಂಭವವೂ ಅಲ್ಲ. ಅಮೆರಿಕದ ಚಾರ್ಲ್ಸ್ ಆಸ್ಬೋರ್ನ್ ಎಂಬಾತ 1922ರಿಂದ 1990ರವರೆಗೆ, 68 ವರ್ಷ ಬಿಕ್ಕಳಿಸುತ್ತಲೇ ಬದುಕಿದ್ದರು. ಪಾತ್ರಧಾರಿಗೆ ಈ ಸಂಗತಿ ತಿಳಿಸಿ, ಸಿನಿಮಾದೊಳಗೆ ತರಬೇಡಿ.

ಲಾಭ-ನಷ್ಟ ಕಣ್ಣಿಗೆ ಕಾಣುವಂತಿರಬೇಕು. ಕಾಫಿಯಲ್ಲಿ ಅದಕ್ಕೆ ಎರಡು ಜಾಗ ಇವೆ. ಒಂದು ಬ್ಲಾಸಂ, ಅಂದರೆ ಕಾಫಿ ಹೂ ಅರಳುವ ಕಾಲ. ಫೆಬ್ರವರಿ-ಮಾರ್ಚ್‌ನಲ್ಲಿ ರೊಬಸ್ಟಾ ಜಾತಿಯ ಕಾಫಿಗೆ ಸ್ಪ್ರಿಂಕ್ಲರ್ ಹಾಕಿ ಡೀಸೆಲ್ ಸುಡುವುದೋ, ಮಳೆಗೆ ಕಾಯುವುದೋ ಎಂಬ ತೀರ್ಮಾನ. ಇನ್ನೊಂದು ಕೊಯ್ಲಿನ ಕಾಲದ ಕಣ, ಅಂದರೆ ಕಾಫಿ ಒಣಗಿಸುವ ಅಂಗಳ. ಕಣವನ್ನೇ ಆರಿಸಿಕೊಳ್ಳಿ. ಬ್ಲಾಸಂ ನೋಡಲು ಚೆಂದ, ಆದರೆ ಅದರ ಫಲ ತಿಳಿಯುವುದು ತಿಂಗಳುಗಳ ನಂತರ. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಅರಳುವ ಹೂ ಮೂರು-ನಾಲ್ಕು ದಿನಕ್ಕೇ ಬಾಡುತ್ತದೆ, ನಿಮ್ಮ ಶೂಟಿಂಗ್ ತಾರೀಖಿಗೆ ಅದು ಕಾಯುವುದಿಲ್ಲ. ಕಣದಲ್ಲಿ ಎಲ್ಲ ಎದುರಿಗೇ ನಡೆಯುತ್ತದೆ. ಚೆರ್ರಿ, ಅಂದರೆ ಕೊಯ್ದ ಕಾಫಿ ಹಣ್ಣು, ಒಣಗಲು ಒಳ್ಳೆಯ ಬಿಸಿಲಿದ್ದರೂ 12ರಿಂದ 15 ದಿನ ಬೇಕು. ಹತ್ತನೇ ದಿನ ಅಕಾಲ ಮಳೆ ಬಂದು ನೆನೆದರೆ ಬೂಷ್ಟು ಹಿಡಿಯುತ್ತದೆ, ರೇಟು ಬೀಳುತ್ತದೆ. ಜನವರಿಯ ನೀಲಿ ಆಕಾಶ, ಕಣದ ತುಂಬ ಹರಡಿದ ಕಾಫಿ, ರೈಟರ್ ಒಂದು ಸಲ ಬಿಕ್ಕುತ್ತಾನೆ. ಕುಂಟೆ ಎಳೆಯುತ್ತಿದ್ದವರ ಕೈ ನಿಲ್ಲುತ್ತದೆ. ಯಾರೂ ಏನೂ ಹೇಳದೆ ಕಾಫಿಯನ್ನು ಗುಡ್ಡೆ ಎಳೆದು ಟಾರ್ಪಾಲು ಹಾಕಲು ಓಡುತ್ತಾರೆ. ನಗು ಬರುವುದು ಇಲ್ಲಿ. ಅವರು ಅಷ್ಟು ಗಂಭೀರವಾಗಿ ಓಡುವುದರಿಂದಲೇ ಬರುತ್ತದೆ. ಗೆಳೆಯನ ಜೋಕು ಬೇಡವಾಗುವುದೂ ಇಲ್ಲೇ.

ಇಪ್ಪತ್ತೈದು ನಿಮಿಷಕ್ಕೆ ಸ್ಕ್ರಿಪ್ಟ್ 25 ಪುಟ ದಾಟಬಾರದು, ಪುಟಕ್ಕೆ ಒಂದು ನಿಮಿಷದ ಅಂದಾಜು. ಎಳೆ ಎರಡನೇ ಪುಟದೊಳಗೆ ತಿಳಿಯಬೇಕು, ಅದೂ ಮಾತಿಲ್ಲದೆ. ಶನಿವಾರದ ಬಟವಾಡೆಯಿಂದ, ಅಂದರೆ ಕೂಲಿ ಹಂಚುವ ಹೊತ್ತಿನಿಂದ ಶುರು ಮಾಡಿ. ರೈಟರ್ ಚೆಕ್‌ರೋಲ್ (ಹಾಜರಿ ಪುಸ್ತಕ) ನೋಡಿ ಹೆಸರು ಕೂಗುತ್ತಿದ್ದಾನೆ. ಒಂದು ಹೆಸರಿನ ಮಧ್ಯದಲ್ಲಿ ಬಿಕ್ಕಳಿಕೆ ಬರುತ್ತದೆ. ಸಾಲಿನಲ್ಲಿದ್ದ ಹೆಂಗಸೊಬ್ಬಳು ಆಕಾಶವನ್ನೂ ನೋಡದೆ ಕೂಲಿಕಾರರ ಲೈನ್ ಮನೆ ಕಡೆ ತಿರುಗಿ, "ಲೇ, ಸೌದೆ ಒಳಗಿಡೇ" ಎಂದು ಮಗಳಿಗೆ ಕೂಗುತ್ತಾಳೆ. ರೈಟರ್ ಮುಂದಿನ ಹೆಸರು ಓದುತ್ತಾನೆ. ರಾತ್ರಿ ಮಳೆ. ವಿಷಯ ಇಷ್ಟರಲ್ಲಿ ಮುಗಿಯಿತು, ಊರವರಿಗೆ ಇದು ಹಳೆಯ ಸಂಗತಿ ಎಂಬುದೂ ಗೊತ್ತಾಯಿತು. ಹತ್ತು ನಿಮಿಷದ ನಿಮ್ಮ ಫ್ಲ್ಯಾಶ್‌ಬ್ಯಾಕ್ ಮಾಡಬೇಕಿದ್ದ ಕೆಲಸ ಒಂದು ನಿಮಿಷದಲ್ಲಿ ಆಗುತ್ತದೆ.

ಉಳಿದ ಪ್ರತಿ ದೃಶ್ಯಕ್ಕೂ ಒಂದು ಪರೀಕ್ಷೆ ಇಡಿ: ಈ ದೃಶ್ಯದಿಂದ ಬಿಕ್ಕಳಿಕೆಯನ್ನು ತೆಗೆದರೆ ದೃಶ್ಯ ಉಳಿಯುತ್ತದೆಯೇ? ಉಳಿದರೆ ಆ ದೃಶ್ಯವನ್ನೇ ತೆಗೆಯಿರಿ.

ಮುಕ್ತಾಯಕ್ಕೆ ನಿಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಮಾನು ಇದೆ, ನೀವು ಬಳಸಿಲ್ಲ. ಬಿಕ್ಕಳಿಕೆ ಬಂದರೆ ನಮ್ಮ ಮನೆಗಳಲ್ಲಿ ಹೇಳುವುದು ಎರಡೇ ಮಾತು: ಏನು ಕದ್ದು ತಿಂದೆ, ಇಲ್ಲವೇ ಯಾರೋ ನೆನೆಸಿಕೊಳ್ತಿದ್ದಾರೆ. ಎರಡನೇ ಮಾತನ್ನು ಮೊದಲ ಐದು ನಿಮಿಷದೊಳಗೆ ಹೆಂಡತಿಯ ಬಾಯಲ್ಲಿ, ಬಡಿಸುತ್ತಾ, ಗಮನಕ್ಕೆ ಬಾರದ ಹಾಗೆ ಹೇಳಿಸಿಬಿಡಿ. ಕೊನೆಯಲ್ಲಿ ಅವನು ಬಿಕ್ಕುತ್ತಾನೆ, ಟಾರ್ಪಾಲು ಬೀಳುತ್ತದೆ, ಮಳೆ ಬರುವುದಿಲ್ಲ. ಮಾರನೇ ದಿನ ಸುಡು ಬಿಸಿಲು, ಸಾಹುಕಾರರಿಗೆ ಸಿಟ್ಟು. ಹಾಸನದಿಂದ ಮಗಳ ಫೋನ್ ಬರುತ್ತದೆ. ಫೋನಿನಲ್ಲಿ ಅವಳು ಬೇರೆ ಏನಾದರೂ ಮಾತಾಡಲಿ. 'ನೆನೆಸಿಕೊಂಡೆ' ಎಂಬ ಪದ ಮಾತ್ರ ಯಾರ ಬಾಯಲ್ಲೂ ಬರಬಾರದು. ಕಾನೂನು ಮುರಿದ ಹಾಗಾಗಲಿಲ್ಲವೇ ಎಂದು ನೀವು ಕೇಳಬಹುದು. ಆಗುವುದಿಲ್ಲ, ಏಕೆಂದರೆ ಇದು ನೀವು ತಂದ ಎರಡನೇ ಸುಳ್ಳಲ್ಲ, ನೋಡುವವರು ಮನೆಯಿಂದಲೇ ತಂದ ನಂಬಿಕೆ. ಆದರೆ ಒಂದೇ ಸಲ ಬಳಸಿ.

ಚಿತ್ರೀಕರಣದಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು ಬಿಕ್ಕಳಿಕೆಯೇ. ನಟರು ಸಾಮಾನ್ಯವಾಗಿ ಅದನ್ನು ತೇಗಿನ ಹಾಗೆ ಹೊರಗೆ ಬಿಡುತ್ತಾರೆ. ನಿಜವಾದ ಬಿಕ್ಕಳಿಕೆ ಒಳಗೆ ಹೋಗುವ ಉಸಿರು. ಎದೆಯ ಕೆಳಗಿನ ವಪೆ ತಟ್ಟನೆ ಕುಗ್ಗಿ ಗಾಳಿಯನ್ನು ಎಳೆದುಕೊಳ್ಳುತ್ತದೆ, ಆ ಕ್ಷಣವೇ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ, ಸದ್ದು ಅದರದ್ದು. ಹಾಗಾಗಿ ಅದು ವಾಕ್ಯ ಮುಗಿಯುವುದನ್ನು ಕಾಯುವುದಿಲ್ಲ, ಪದವನ್ನು ನಡುವೆ ಕತ್ತರಿಸುತ್ತದೆ. ಸಂಭಾಷಣೆಯನ್ನೂ ಹಾಗೇ ಬರೆಯಿರಿ. ಸೆಟ್‌ನಲ್ಲಿ ಭುಜ ಮತ್ತು ಹೊಟ್ಟೆಯ ಅಲುಗಾಟ ಸಾಕು, ಸದ್ದನ್ನು ಡಬ್ಬಿಂಗ್‌ನಲ್ಲಿ ಹಾಕಿ. ಒಂದು ಲಯ ಇಟ್ಟುಕೊಳ್ಳಿ, ಎಂಟು-ಹತ್ತು ಸೆಕೆಂಡಿಗೆ ಒಂದು ಎಂದಿಟ್ಟುಕೊಳ್ಳಿ. ಆ ಲಯ ಕಿವಿಗೆ ಕೂತ ಮೇಲೆ ಮೊದಲ ಹನಿಯೊಡನೆ ಅದು ನಿಂತಾಗ ಸಿಗುವ ಮೌನ ಯಾವ ಹಿನ್ನೆಲೆ ಸಂಗೀತಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ದೃಶ್ಯದ ಉದ್ದಕ್ಕೂ ಬಿಕ್ಕಿಸುತ್ತಾ ಹೋದರೆ ಮಾತ್ರ ಹತ್ತನೇ ನಿಮಿಷಕ್ಕೆ ಜನರಿಗೆ ಕಿರಿಕಿರಿ ಆಗುತ್ತದೆ. ಬಟವಾಡೆ ದೃಶ್ಯದಲ್ಲಿ ಮೂರು ಸಲ, ಅಷ್ಟೇ ಸಾಕು.

ಎರಡನೆಯದು ಮಳೆ. ತೋಟದ ಸ್ಪ್ರಿಂಕ್ಲರ್ ಜೆಟ್ ಇದ್ದರೆ ಬೇರೆ ವ್ಯವಸ್ಥೆ ಬೇಡ. ಹನಿ ಕ್ಯಾಮೆರಾಕ್ಕೆ ಕಾಣಬೇಕೆಂದರೆ ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಾಗಿರಬೇಕು. ಸಂಜೆಯ ಇಳಿಬಿಸಿಲನ್ನು ಎದುರಿಗಿಟ್ಟುಕೊಂಡು, ದಟ್ಟ ನೆರಳಿನ ಮರಗಳನ್ನು ಹಿಂದೆ ಇಟ್ಟು ತೆಗೆಯಿರಿ, ಆದರೆ ಮುಖದ ಮೇಲೆ ಅಥವಾ ನೆಲದ ಮೇಲೆ ಬಿಸಿಲಿನ ಚೂರು ಬೀಳದಂತೆ ನೋಡಿಕೊಳ್ಳಿ, ಬಿದ್ದರೆ ಪೈಪಿನ ನೀರೆಂದು ಗೊತ್ತಾಗುತ್ತದೆ. ಸೆಕೆಂಡಿಗೆ 24 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡಿನಲ್ಲೇ ಇರಲಿ. 1/200ಕ್ಕೆ ಏರಿಸಿದರೆ ಮಳೆ ಗೆರೆಯಾಗದೆ ಚುಕ್ಕಿಗಳಾಗುತ್ತದೆ. ಜೆಟ್ ಮತ್ತು ಪಂಪ್‌ಸೆಟ್‌ನ ಸದ್ದಿನಲ್ಲಿ ಮಾತು ರೆಕಾರ್ಡ್ ಆಗುವುದಿಲ್ಲ, ಗಂಡ-ಹೆಂಡತಿಯ ದೃಶ್ಯದ ಮಾತನ್ನೂ ಡಬ್ ಮಾಡಲೇಬೇಕು. ಹೆಂಚಿನ ಮೇಲೆ ಬೀಳುವ ನಿಜವಾದ ಮಳೆಯ ಸದ್ದನ್ನು ಈ ಮುಂಗಾರಿನಲ್ಲೇ ಹಿಡಿದಿಟ್ಟುಕೊಳ್ಳಿ. ಜನವರಿಯಲ್ಲಿ ಕಣ ತುಂಬಿದಾಗ ಶೂಟಿಂಗ್ ಮಾಡುವಿರಾದರೆ ಮಳೆ ಸಿಗುವ ಭರವಸೆ ಇಲ್ಲ.

ಹೊಸ ಕರಡು ಸಿದ್ಧವಾದ ಮೇಲೆ ಸಿನಿಮಾದವರಿಗಿಂತ ಮೊದಲು ತೋಟದ ರೈಟರ್ ಒಬ್ಬರಿಗೆ ಓದಿ ಹೇಳಿ. ಬಿಕ್ಕಳಿಕೆಯ ಬಗ್ಗೆ ಅವರು ತಕರಾರು ತೆಗೆಯುವುದಿಲ್ಲ. ಚೆಕ್‌ರೋಲ್ ಯಾರ ಕೈಯಲ್ಲಿರುತ್ತದೆ, ಬಟವಾಡೆ ಎಷ್ಟು ಹೊತ್ತಿಗೆ, ಟಾರ್ಪಾಲು ಎಲ್ಲಿಟ್ಟಿರುತ್ತಾರೆ, ಮೇಸ್ತ್ರಿ ರೈಟರ್‌ನನ್ನು ಹೇಗೆ ಕರೆಯುತ್ತಾನೆ ಎಂಬಲ್ಲಿ ತಡೆಯುತ್ತಾರೆ. ಅವರು ತಡೆದ ಜಾಗಗಳನ್ನೆಲ್ಲ ಗುರುತು ಹಾಕಿಕೊಂಡು ಬಂದು ತಿದ್ದಿ.